ಕುರಿ ಸಾಕಿದ್ದೀರಾ ಅಂತ ಕೇಳಿದಿರಾ?

(ದಾವಣಗೆರೆಯಲ್ಲಿ ನರ್ಸಿಂಗ್ ಮತ್ತು ಲ್ಯಾಬ್ ವಿದ್ಯಾರ್ಥಿಗಳು, ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯಾ ಅಂತ ನೋಡೋಕೆ ಲ್ಯಾಬಿಗೆ ರಕ್ತದ ಬಾಟ್ಲಿ ಬರುತ್ತದೆ. ಜೊತೆಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಹೆಸರು, ವಯಸ್ಸು, ವಾರ್ಡ್ ನಂಬರ್ ಇರುತ್ತವೆ. ಅದರ ಕೆಳಗೆ ರೋಗದ ವಿವರ ಬರೆಯೋಕೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು 'ಜ್ವರ' ಅಂತ ಒಂದೇ ಪದ. ಎಷ್ಟೋ ಸಲ ಅದೂ ಇರುವುದಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಖಾಲಿ ಜಾಗದ ಬಗ್ಗೆ. ಹೃದಯದ ವಾಲ್ವಿನಲ್ಲಿ ಸೇರಿಕೊಂಡ ಅಪರೂಪದ ಬ್ಯಾಕ್ಟೀರಿಯಾವನ್ನು ಹೊಸ ಮಷೀನು ಕಂಡುಹಿಡಿದುಬಿಡುತ್ತದೆ ಅಂತ ಎಲ್ಲರೂ ನಂಬಿದ್ದೇವೆ. ಮಷೀನು ಹುಡುಕುತ್ತದೆ, ಸುಳ್ಳಲ್ಲ. ಆದರೆ ಏನನ್ನು ಹುಡುಕಬೇಕು ಅಂತ ಯಾರೋ ಒಬ್ಬರು ಮೊದಲು ಅನುಮಾನ ಪಡಬೇಕು. ಆ ಅನುಮಾನ ಹುಟ್ಟುವುದು ರೋಗಿಯ ಮಂಚದ ಪಕ್ಕದಲ್ಲಿ, ಲ್ಯಾಬಿನಲ್ಲಲ್ಲ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಹೃದಯದಲ್ಲಿ ನಾಲ್ಕು ವಾಲ್ವುಗಳಿವೆ. ದಿನಕ್ಕೆ ಸುಮಾರು 1 ಲಕ್ಷ ಸಲ ಅವು ತೆರೆದು ಮುಚ್ಚುತ್ತವೆ. ಆರೋಗ್ಯವಾಗಿರುವ ವಾಲ್ವಿನ ಮೈ ನುಣುಪು. ರಕ್ತದಲ್ಲಿ ಹರಿದುಬರುವ ಬ್ಯಾಕ್ಟೀರಿಯಾಗೆ ಅಲ್ಲಿ ಹಿಡಿತ ಸಿಗುವುದು ಕಷ್ಟ. ಚಿಕ್ಕವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಗೀಚಿಹೋಗಿದ್ದರೆ, ಹುಟ್ಟಿನಿಂದಲೇ ದೋಷ ಇದ್ದರೆ, ಇಲ್ಲವೇ ಆಪರೇಷನ್ ಮಾಡಿ ಕೃತಕ ವಾಲ್ವ್ ಹಾಕಿದ್ದರೆ ಕಥೆ ಬೇರೆ. ಅಂಥ ಕಡೆ ಸಣ್ಣ ಹೆಪ್ಪು ಕಟ್ಟುತ್ತದೆ. ಬ್ಯಾಕ್ಟೀರಿಯಾ ಬಂದು ಅದಕ್ಕೆ ಅಂಟಿಕೊಂಡು, ಅದರೊಳಗೇ ಬೆಳೆಯುತ್ತದೆ. ಡಾಕ್ಟರು ಈ ಗಂಟಿಗೆ ವೆಜಿಟೇಶನ್ ಅನ್ನುತ್ತಾರೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ವಾಲ್ವಿನ ತುದಿಯಲ್ಲಿ ಅಲ್ಲಾಡುತ್ತಾ ಕಾಣುತ್ತದೆ. ಅದರ ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು.

ಕೆನಡಾದವರಾದ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನಲ್ಲಿ ಈ ಕಾಯಿಲೆಯ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. ಆಗ ಇದು ಬಂತೆಂದರೆ ಸಾವೇ. ಪೆನಿಸಿಲಿನ್ ಬಂದ ಮೇಲೆ ಬದುಕುವವರು ಹೆಚ್ಚಾದರು. ಈಗಲೂ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರಕ್ತನಾಳಕ್ಕೆ ಇಂಜೆಕ್ಷನ್ ಕೊಡಬೇಕು. ಗಂಟಿನ ಒಳಗೆ ಬ್ಯಾಕ್ಟೀರಿಯಾ ಒತ್ತೊತ್ತಾಗಿ, ನಿಧಾನವಾಗಿ ಬದುಕುತ್ತದೆ. ಬಿಳಿ ರಕ್ತಕಣ ಒಳಗೆ ನುಗ್ಗುವುದು ಕಷ್ಟ, ಔಷಧಿ ಇಳಿಯುವುದೂ ಕಷ್ಟ.

ಇದನ್ನು ತರುವ ಮಾಮೂಲಿ ಬ್ಯಾಕ್ಟೀರಿಯಾಗಳು ಮೂರು ಗುಂಪಿನವು. ಬಾಯಿಯಿಂದ ಬರುವ ಸ್ಟ್ರೆಪ್ಟೊಕಾಕಸ್, ಚರ್ಮದ ಸ್ಟ್ಯಾಫಿಲೊಕಾಕಸ್, ಕರುಳಿನ ಎಂಟೆರೊಕಾಕಸ್. ಇವು ಬಾಟ್ಲಿಯಲ್ಲಿ ಒಂದೆರಡು ದಿನದಲ್ಲೇ ಬೆಳೆಯುತ್ತವೆ. ಇವುಗಳ ಬಗ್ಗೆ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಾನು ಮುಂದೆ ಹೋಗುತ್ತೇನೆ.

ಅಪರೂಪದವು ಅಂದಾಗ ಒಂದು ತಪ್ಪು ಕಲ್ಪನೆ ಇದೆ. ಅವು ಯಾವುದೋ ದೂರದ ಕಾಡಿನಿಂದ ಬಂದವು ಅಂತ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಕೆಲವು ನಮ್ಮ ಹಲ್ಲಿನ ಸಂದಿಯಲ್ಲಿವೆ. ಕೆಲವು ಕುರಿ ಹಟ್ಟಿಯಲ್ಲಿವೆ, ಕೆಲವು ಬೆಕ್ಕಿನ ಮೈಮೇಲಿನ ಚಿಗಟದಲ್ಲಿವೆ. ನಮ್ಮ ಬಾಟ್ಲಿಯಲ್ಲಿ ಅವು ಬೆಳೆಯುವುದಿಲ್ಲ, ಇಲ್ಲವೇ ಬೆಳೆದರೂ ನಮಗೆ ಗುರುತು ಹತ್ತುವುದಿಲ್ಲ. ಅದಕ್ಕೇ ಅಪರೂಪ.

ಆದರೆ ಅಪರೂಪದವರ ಮೇಲೆ ಅನುಮಾನ ಪಡುವ ಮೊದಲು ನಮ್ಮ ಕೈಯನ್ನೇ ನೋಡಿಕೊಳ್ಳಬೇಕು. ಕಲ್ಚರ್ ನೆಗೆಟಿವ್ ಬರುವುದಕ್ಕೆ, ಅಂದರೆ ಬಾಟ್ಲಿಯಲ್ಲಿ ಏನೂ ಬೆಳೆಯದೆ ಇರುವುದಕ್ಕೆ, ಎಲ್ಲಕ್ಕಿಂತ ದೊಡ್ಡ ಕಾರಣ, ರಕ್ತ ತೆಗೆಯುವ ಮೊದಲೇ ಆಂಟಿಬಯೋಟಿಕ್ ಕೊಟ್ಟಿರುವುದು.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಇದು ಒಬ್ಬ ರೋಗಿಯ ಕಥೆಯಲ್ಲ, ಹಲವರದ್ದು ಸೇರಿಸಿದ್ದು. ಜಗಳೂರು ಕಡೆಯ ಒಬ್ಬರಿಗೆ ಮೂರು ವಾರದಿಂದ ಸಂಜೆ ಹೊತ್ತು ಮೈ ಬೆಚ್ಚಗಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡರು. ಸ್ವಲ್ಪ ಇಳಿಯಿತು, ಮತ್ತೆ ಬಂತು. ಎಲ್ಲೋ ಟೈಫಾಯ್ಡ್‌ಗೆ ಮಾಡುವ ವೈಡಾಲ್ ರಕ್ತಪರೀಕ್ಷೆ ಮಾಡಿಸಿದರು, ಪಾಸಿಟಿವ್. ಟೈಫಾಯ್ಡ್ ಅಂದರು. ಐದು ದಿನ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಹಾಕಿದರು. ಆರಾಮಾಯಿತು. ಹತ್ತು ದಿನ ಬಿಟ್ಟು ಮತ್ತೆ ಜ್ವರ, ಈ ಸಲ ಉಸಿರಾಟದ ತೊಂದರೆಯೂ ಜೊತೆಗೆ. ದೊಡ್ಡ ಆಸ್ಪತ್ರೆಯಲ್ಲಿ ಎಕೋ ಮಾಡಿದಾಗ ವಾಲ್ವಿನ ಮೇಲೆ ಗಂಟು ಕಾಣಿಸಿತು. ಆಮೇಲೆ ಬ್ಲಡ್ ಕಲ್ಚರ್ ಕಳಿಸಿದರು. ಏನೂ ಬೆಳೆಯಲಿಲ್ಲ. ಬೆಳೆಯುವುದಾದರೂ ಹೇಗೆ? ಗಂಟಿನೊಳಗಿನ ಬ್ಯಾಕ್ಟೀರಿಯಾ ಸತ್ತಿಲ್ಲ, ಆದರೆ ರಕ್ತಕ್ಕೆ ಬರುವುದು ಸದ್ಯಕ್ಕೆ ನಿಂತಿದೆ.

ವೈಡಾಲ್ ಬಗ್ಗೆ ಒಂದು ಮಾತು. ಅದು 1896ರ ಪರೀಕ್ಷೆ. ಟೈಫಾಯ್ಡ್ ಇಲ್ಲದವರಲ್ಲೂ ಪಾಸಿಟಿವ್ ಬರುತ್ತದೆ, ಇರುವವರಲ್ಲೂ ನೆಗೆಟಿವ್ ಬರುತ್ತದೆ. ಒಂದೇ ಒಂದು ವೈಡಾಲ್ ನೋಡಿ ಜ್ವರಕ್ಕೆ ಹೆಸರಿಡುವುದನ್ನು ನಾವು ಇನ್ನೂ ಬಿಟ್ಟಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ರಕ್ತ ತೆಗೆಯುವ ರೀತಿ ನರ್ಸಿಂಗ್ ಮಕ್ಕಳಿಗೆ ಗೊತ್ತಿರಬೇಕು. ಮೂರು ಸೆಟ್, ಮೂರು ಬೇರೆ ಬೇರೆ ಕಡೆ ಚುಚ್ಚಿ. ದೊಡ್ಡವರಾದರೆ ಒಂದು ಬಾಟ್ಲಿಗೆ 8ರಿಂದ 10 ಮಿಲಿಲೀಟರ್. ಒಂದು ಸೆಟ್ ಅಂದರೆ ಎರಡು ಬಾಟ್ಲಿ, ಒಂದು ಗಾಳಿ ಇರುವುದು, ಇನ್ನೊಂದು ಇಲ್ಲದ್ದು. ಇಷ್ಟೊಂದು ಯಾಕೆ ಅಂತ ರೋಗಿಯ ಕಡೆಯವರು ಕೇಳುತ್ತಾರೆ, ರಕ್ತ ಹೀರುತ್ತಿದ್ದೀರಿ ಅಂತ ಬೈಯುತ್ತಾರೆ. ವಾಲ್ವ್ ಸೋಂಕಿನಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾ ಕೂಡ ಇಲ್ಲದಿರಬಹುದು. ಎರಡು ಎಂಎಲ್ ತೆಗೆದರೆ ಸುಮ್ನೆ ಬಾಟ್ಲಿ ಹಾಳು. ಇನ್ನೊಂದು: ಚಳಿ ಬರಲಿ, ಆಮೇಲೆ ತೆಗೆಯೋಣ ಅಂತ ಕಾಯಬೇಕಿಲ್ಲ. ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೆ ಬಿಡುವಿಲ್ಲದೆ ಬರುತ್ತಲೇ ಇರುತ್ತದೆ.

ಮೂರು ಸೆಟ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ಬಾಟ್ಲಿಗೆ ಬೀಳಬಹುದು. ಒಂದೇ ಬಾಟ್ಲಿ ಕಳಿಸಿದರೆ ಅದು ಕಸವೋ ಕಾಯಿಲೆಯೋ ಹೇಳೋಕೆ ಆಗುವುದಿಲ್ಲ. ಸ್ಟ್ಯಾಫಿಲೊಕಾಕಸ್ ಲುಗ್ಡುನೆನ್ಸಿಸ್ ಅಂತ ಒಂದಿದೆ. ಮೇಲ್ನೋಟಕ್ಕೆ ಚರ್ಮದ ಬಡಪಾಯಿ ಸ್ಟ್ಯಾಫ್ ಹಾಗೇ ಇರುತ್ತದೆ. ಕಂಟ್ಯಾಮಿನೇಷನ್ ಅಂತ ಬರೆದು ಬಿಸಾಡಿದರೆ ವಾಲ್ವನ್ನು ಹರಿದು ಹಾಕುತ್ತದೆ. ಮೂರಕ್ಕೆ ಮೂರೂ ಸೆಟ್ಟಿನಲ್ಲಿ ಅದೇ ಬಂದರೆ ಯಾರೂ ಬಿಸಾಡುವುದಿಲ್ಲ, ಅಲ್ವಾ?

ಈಗ ಲ್ಯಾಬಿನ ಒಳಗೆ ಬರೋಣ. ಬಾಟ್ಲಿ ಮಷೀನಿಗೆ ಹೋಗುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಮಷೀನು ಅದನ್ನು ಗುರುತಿಸಿ ಕೂಗುತ್ತದೆ. ನಾವು ಒಂದು ಹನಿ ತೆಗೆದು ಗ್ರಾಂ ಸ್ಟೇನ್ ಮಾಡುತ್ತೇವೆ, ಅಂದರೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಬಣ್ಣದ ಮೇಲೆ ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಅಂತ ವಿಂಗಡಿಸುತ್ತೇವೆ. ಅಗಾರ್ ಅನ್ನುವ ಆಹಾರದ ಪದರ ಇರುವ ಪ್ಲೇಟಿಗೂ ಎಳೆಯುತ್ತೇವೆ. ಮಾರನೇ ದಿನ ಪ್ಲೇಟಿನಲ್ಲಿ ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ, ಕಾಣಬೇಕು.

ಕೆಲವು ಸಲ ವಿಚಿತ್ರ ಆಗುತ್ತದೆ. ಗ್ರಾಂ ಸ್ಟೇನ್‌ನಲ್ಲಿ ಸಾಲುಸಾಲು ಸ್ಟ್ರೆಪ್ಟೊಕಾಕಸ್ ಥರದ್ದು ಕಾಣುತ್ತದೆ. ಪ್ಲೇಟಿನಲ್ಲಿ ಮಾತ್ರ ಏನೂ ಇಲ್ಲ. ಹೊಸಬರು ಇದನ್ನು ಸತ್ತ ಬ್ಯಾಕ್ಟೀರಿಯಾ ಅಂತ ಬರೆದುಬಿಡುತ್ತಾರೆ. ಅನುಭವ ಇರುವ ಟೆಕ್ನಿಷಿಯನ್ ಏನು ಮಾಡುತ್ತಾರೆ ಗೊತ್ತಾ? ಅದೇ ಪ್ಲೇಟಿನ ಮಧ್ಯೆ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಒಂದು ಗೆರೆ ಎಳೆದು ಮತ್ತೆ ಇಡುತ್ತಾರೆ. ಮಾರನೇ ದಿನ ನೋಡಿದರೆ ಆ ಗೆರೆಯ ಅಕ್ಕಪಕ್ಕ ಮಾತ್ರ ಸಣ್ಣ ಸಣ್ಣ ಕಾಲೊನಿಗಳು ಎದ್ದಿರುತ್ತವೆ. ದೂರದಲ್ಲಿ ಒಂದೂ ಇಲ್ಲ. ಇವು ಅಬಿಯೊಟ್ರೋಫಿಯಾ ಮತ್ತು ಗ್ರಾನ್ಯುಲಿಕಾಟೆಲ್ಲಾ. ಬೆಳೆಯೋಕೆ ಇವಕ್ಕೆ ಪಿರಿಡಾಕ್ಸಲ್ ಬೇಕು, ಅಂದರೆ ವಿಟಮಿನ್ ಬಿ6ನ ಒಂದು ರೂಪ. ಮಾಮೂಲಿ ಬ್ಲಡ್ ಅಗಾರಿನಲ್ಲಿ ಅದು ಸಾಲುವುದಿಲ್ಲ. ಸ್ಟ್ಯಾಫಿಲೊಕಾಕಸ್ ಅದನ್ನು ತಯಾರಿಸಿ ಸುತ್ತ ಬಿಡುತ್ತದೆ. ಬಾಟ್ಲಿಯಲ್ಲಿ ಬೆಳೆದದ್ದು ಪ್ಲೇಟಿನಲ್ಲಿ ಯಾಕೆ ಬೆಳೆಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಬಾಟ್ಲಿಯಲ್ಲಿ ರೋಗಿಯ ರಕ್ತವೇ ಇರುತ್ತದೆ. 1961ರಲ್ಲೇ ಇವುಗಳ ವರ್ಣನೆ ಬಂದಿದೆ. ಒಂದು ಗೆರೆ ಎಳೆಯೋಕೆ ಲಕ್ಷಾಂತರ ರೂಪಾಯಿಯ ಉಪಕರಣ ಬೇಕಿಲ್ಲ. ಇವುಗಳ ಹೆಸರು ಗೊತ್ತಾಗುವುದು ಮುಖ್ಯ, ಯಾಕೆಂದರೆ ಬಾಯಿಯ ಮಾಮೂಲಿ ಸ್ಟ್ರೆಪ್ಟೊಕಾಕಸ್‌ಗಿಂತ ಇವು ಹಟಮಾರಿ. ಪೆನಿಸಿಲಿನ್ ಒಂದನ್ನೇ ನೆಚ್ಚಿಕೊಂಡರೆ ಸೋಲುವುದು ಜಾಸ್ತಿ.

ಐದು ಬ್ಯಾಕ್ಟೀರಿಯಾಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಹ್ಯಾಸೆಕ್ ಅನ್ನುವ ಇನ್ನೊಂದು ಗುಂಪು ಇದೆ. ಹೀಮೊಫಿಲಸ್, ಅಗ್ರಿಗಾಟಿಬ್ಯಾಕ್ಟರ್, ಕಾರ್ಡಿಯೊಬ್ಯಾಕ್ಟೀರಿಯಂ, ಐಕೆನೆಲ್ಲಾ, ಕಿಂಗೆಲ್ಲಾ. ಎಲ್ಲವೂ ಬಾಯಿ ಗಂಟಲಿನ ನಿವಾಸಿಗಳು. ಹಲ್ಲು ಹುಳುಕು, ವಸಡಿನಲ್ಲಿ ರಕ್ತ, ವಾಲ್ವ್ ಮೊದಲೇ ಕೆಟ್ಟಿದೆ ಅಂದರೆ ಇವಕ್ಕೆ ದಾರಿ ಸುಲಭ. ವಾಲ್ವ್ ಸೋಂಕಿನಲ್ಲಿ ನೂರಕ್ಕೆ ಒಂದರಿಂದ ಮೂರು ಇವುಗಳದ್ದು ಅಂತ ಲೆಕ್ಕ. ಹಿಂದೆ ಇವಕ್ಕಾಗಿ ಬಾಟ್ಲಿಯನ್ನು ಎರಡು ಮೂರು ವಾರ ಇಡುತ್ತಿದ್ದರು. ಈಗಿನ ಮಷೀನುಗಳಲ್ಲಿ ಐದು ದಿನದೊಳಗೆ ಬಂದುಬಿಡುತ್ತವೆ. ಪ್ಲೇಟಿನಲ್ಲಿ ಬೆಳೆಯೋಕೆ ಚಾಕಲೇಟ್ ಅಗಾರ್ (ಬಿಸಿ ಮಾಡಿದ ರಕ್ತ ಸೇರಿಸಿದ, ಚಾಕಲೇಟ್ ಬಣ್ಣದ ಅಗಾರ್) ಬೇಕು, ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬೇಕು. ಚಿಕ್ಕ ಲ್ಯಾಬಿನವರು ಜಾಡಿಯೊಳಗೆ ಮೇಣದಬತ್ತಿ ಹಚ್ಚಿಟ್ಟು ಮುಚ್ಚಳ ಹಾಕಿದರೆ ಸಾಕು, ಬತ್ತಿ ತಾನಾಗೇ ಆರುವ ಹೊತ್ತಿಗೆ ಬೇಕಾದಷ್ಟು ಕಾರ್ಬನ್ ಡೈಆಕ್ಸೈಡ್ ತಯಾರು. ಐಕೆನೆಲ್ಲಾ ಅಗಾರಿನಲ್ಲಿ ಸಣ್ಣ ಗುಳಿ ಮಾಡುತ್ತದೆ, ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದೆ. ಹಳೆಯ ಟೆಕ್ನಿಷಿಯನ್‌ಗಳು ಮುಚ್ಚಳ ತೆಗೆದು ಮೂಸಿ ನೋಡಿ ಹೆಸರು ಹೇಳುತ್ತಿದ್ದರು.

ಇಲ್ಲಿ ಕೂತಿರುವ ಲ್ಯಾಬ್ ವಿದ್ಯಾರ್ಥಿಗಳು ಕೇಳಿಸಿಕೊಳ್ಳಿ. ನೀವು ಯಾರೂ ಪ್ಲೇಟ್ ಮೂಸಬೇಡಿ. ಅದಕ್ಕೆ ಕಾರಣ ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ.

ಬ್ರುಸೆಲ್ಲಾ ನಮ್ಮ ಜಿಲ್ಲೆಗಳಿಗೆ ಹತ್ತಿರದ ವಿಷಯ, ಅದಕ್ಕೆ ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು, ಇವೆಲ್ಲ ಕುರಿ ಸೀಮೆ. ಚಳ್ಳಕೆರೆಯ ಕಂಬಳಿ ನಿಮಗೆಲ್ಲ ಗೊತ್ತು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ಮಂದೆ ಹಾಕಿಸುತ್ತೇವೆ. ಹಸು ಕಂದು ಹಾಕಿದರೆ, ಅಂದರೆ ಗರ್ಭ ಇಳಿದರೆ, ಕುರಿ ಈಯುವಾಗ ಕಷ್ಟ ಆದರೆ ಬರಿಗೈಯಲ್ಲೇ ಎಳೆಯುತ್ತೇವೆ. ಕಂದು ಹಾಕುವುದಕ್ಕೆ ಕಾರಣಗಳು ಹಲವು, ಅದರಲ್ಲಿ ಬ್ರುಸೆಲ್ಲಾ ಮುಖ್ಯವಾದದ್ದು. ಮಾಸಿನಲ್ಲಿ, ಗರ್ಭದ ನೀರಿನಲ್ಲಿ, ಹಾಲಿನಲ್ಲಿ ಇದು ಇರುತ್ತದೆ. ಕೈಯ ಗಾಯದಿಂದ, ಹಸಿ ಹಾಲಿನಿಂದ, ಕಣ್ಣಿಗೆ ಸಿಡಿದರೆ ಕಣ್ಣಿನಿಂದಲೂ ಮನುಷ್ಯರ ಮೈಗೆ ಸೇರುತ್ತದೆ.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ ಸತ್ತ ಸೈನಿಕರ ಗುಲ್ಮದಿಂದ ಈ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಆದರೆ ಅದು ಎಲ್ಲಿಂದ ಬರುತ್ತಿದೆ ಅಂತ ಹದಿನೆಂಟು ವರ್ಷ ಗೊತ್ತಾಗಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್ ಮೇಕೆಗಳ ರಕ್ತ ಪರೀಕ್ಷೆ ಮಾಡಿದರು. ನೋಡೋಕೆ ಗಟ್ಟಿಮುಟ್ಟಾಗಿದ್ದ ಮೇಕೆಗಳಲ್ಲೇ ಅದು ಇತ್ತು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದರು, ಸೇನೆಯಲ್ಲಿ ಜ್ವರ ಇಳಿದುಹೋಯಿತು. ಬ್ಯಾಕ್ಟೀರಿಯಾ 1887ರಲ್ಲೇ ಸಿಕ್ಕಿತ್ತು. ಜನರ ಜೀವ ಉಳಿದದ್ದು ಮೇಕೆಯ ಬಗ್ಗೆ ಕೇಳಿದ ಮೇಲೆ.

ಬ್ರುಸೆಲ್ಲಾ ಜ್ವರ ಬಂದವರಲ್ಲಿ ವಾಲ್ವಿಗೆ ಹೋಗುವುದು ಕೆಲವರಿಗೆ ಮಾತ್ರ. ಆದರೆ ಈ ರೋಗದಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ವಾಲ್ವಿನಿಂದಲೇ, ಅದರಲ್ಲೂ ಅಯೋರ್ಟಿಕ್ ವಾಲ್ವಿನಿಂದ. ತಿಂಗಳುಗಟ್ಟಲೆ ಏರಿಳಿಯುವ ಜ್ವರ, ಸೊಂಟ ನೋವು, ರಾತ್ರಿ ಬೆವರು. ಟೈಫಾಯ್ಡ್ ಅಂತಲೋ ಟಿಬಿ ಅಂತಲೋ ಚಿಕಿತ್ಸೆ ನಡೆಯುತ್ತಿರುತ್ತದೆ. ರಿಫಾಂಪಿಸಿನ್ ಟಿಬಿಗೂ ಕೊಡುತ್ತೇವೆ, ಬ್ರುಸೆಲ್ಲಾಗೂ ಕೊಡುತ್ತೇವೆ. ಹಾಗಾಗಿ ಟಿಬಿ ಮಾತ್ರೆಯಿಂದ ಅರ್ಧಂಬರ್ಧ ಗುಣ ಕಂಡು ಎಲ್ಲರೂ ಮೋಸಹೋಗಬಹುದು. ಸರಿಯಾದ ಚಿಕಿತ್ಸೆಯಲ್ಲಿ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಜೊತೆಗೆ ಇನ್ನೊಂದು ಔಷಧಿ, ಕನಿಷ್ಠ ಮೂರು ತಿಂಗಳು. ಬಹಳ ಜನಕ್ಕೆ ವಾಲ್ವ್ ಆಪರೇಷನ್ ಕೂಡ ಬೇಕಾಗುತ್ತದೆ.

ಲ್ಯಾಬಿನಲ್ಲಿ ಬ್ರುಸೆಲ್ಲಾ ನಿಧಾನ. ಗ್ರಾಂ ಸ್ಟೇನ್‌ನಲ್ಲಿ ನುಣ್ಣಗಿನ ಮರಳು ಚೆಲ್ಲಿದ ಹಾಗೆ ಕಾಣುತ್ತದೆ, ಅಷ್ಟು ಚಿಕ್ಕದು. ಯೂರಿಯಾವನ್ನು ಒಡೆಯುತ್ತದೆಯಾ ಅಂತ ನೋಡುವ ಯೂರಿಯೇಸ್ ಪರೀಕ್ಷೆ ಬೇಗ ಪಾಸಿಟಿವ್ ಆಗುತ್ತದೆ. ಚಿಕ್ಕ ಗ್ರಾಂ ನೆಗೆಟಿವ್, ನಿಧಾನ ಬೆಳವಣಿಗೆ, ಯೂರಿಯೇಸ್ ಜೋರು ಅಂದ ತಕ್ಷಣ ಪ್ಲೇಟಿಗೆ ಟೇಪ್ ಹಚ್ಚಿ ಸೇಫ್ಟಿ ಕ್ಯಾಬಿನೆಟ್ ಒಳಗೆ ಸರಿಸಿ. ಲ್ಯಾಬಿನವರಿಗೆ ಲ್ಯಾಬಿನಲ್ಲೇ ತಗುಲುವ ಸೋಂಕುಗಳಲ್ಲಿ ಇದು ತುಂಬ ಕುಖ್ಯಾತಿ ಪಡೆದದ್ದು. ಗಾಳಿಯಲ್ಲಿ ಕೆಲವೇ ಕೆಲವು ಬ್ಯಾಕ್ಟೀರಿಯಾ ಸಾಕು. ಈಗ ಚೀಟಿಯ ವಿಷಯಕ್ಕೆ ಬನ್ನಿ. 'ಕುರಿ ಸಾಕಣೆ' ಅಂತ ವಾರ್ಡಿನಲ್ಲಿ ಎರಡು ಪದ ಬರೆದಿದ್ದರೆ ನಾವು ಮೊದಲ ದಿನದಿಂದಲೇ ಕ್ಯಾಬಿನೆಟ್ಟಿನಲ್ಲಿ ಕೆಲಸ ಮಾಡುತ್ತಿದ್ದೆವು. ಆ ಎರಡು ಪದ ರೋಗಿಯನ್ನೂ ಕಾಯುತ್ತವೆ, ನಮ್ಮ ಟೆಕ್ನಿಷಿಯನ್‌ನನ್ನೂ ಕಾಯುತ್ತವೆ.

ಪಶು ಇಲಾಖೆಯವರೂ ಇಲ್ಲಿದ್ದಾರೆ ಅಂತ ಕೇಳಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುತ್ತಾರೆ. ಅದು ಜೀವಂತ ಲಸಿಕೆ. ಹಾಕುವಾಗ ಸೂಜಿ ನಿಮ್ಮ ಕೈಗೇ ಚುಚ್ಚಿದರೆ ಸುಮ್ಮನಿರಬೇಡಿ, ಆವತ್ತೇ ಡಾಕ್ಟರಿಗೆ ತೋರಿಸಿ.

ಕುರಿ ಹಟ್ಟಿಯಲ್ಲೇ ಇರುವ ಇನ್ನೊಂದು, ಕಾಕ್ಸಿಯೆಲ್ಲಾ ಬರ್ನೆಟಿ. ಇದು ತರುವ ಕಾಯಿಲೆ ಕ್ಯೂ ಜ್ವರ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಸಾಯಿಖಾನೆ ಕೆಲಸಗಾರರಲ್ಲಿ ಎಡ್ವರ್ಡ್ ಡೆರಿಕ್ ಇದನ್ನು ಗುರುತಿಸಿದರು. ಬ್ರುಸೆಲ್ಲಾ ನಿಧಾನವಾಗಿಯಾದರೂ ಬಾಟ್ಲಿಯಲ್ಲಿ ಬೆಳೆಯುತ್ತದೆ. ಕಾಕ್ಸಿಯೆಲ್ಲಾ ಬೆಳೆಯುವುದೇ ಇಲ್ಲ. ಮೈಯಲ್ಲಿ ಅದು ಜೀವಕೋಶದ ಒಳಗೆ ಮಾತ್ರ ಬೆಳೆಯುತ್ತದೆ. ಐದು ದಿನ ಅಲ್ಲ, ಐದು ತಿಂಗಳು ಇಟ್ಟರೂ ಬಾಟ್ಲಿ ನೆಗೆಟಿವ್ವೇ. ವಾಲ್ವಿನ ಮೇಲೆ ಇದು ಮಾಡುವ ಗಂಟು ಎಷ್ಟೋ ಸಲ ತೀರ ಚಿಕ್ಕದು, ಎಕೋದಲ್ಲೂ ಕಾಣದೆ ಹೋಗಬಹುದು. ಜ್ವರವೂ ಜೋರಾಗಿ ಇರುವುದಿಲ್ಲ. ತೂಕ ಇಳಿಯುತ್ತಾ, ಸುಸ್ತಾಗುತ್ತಾ, ಹೃದಯ ಸೋಲುತ್ತಾ ಹೋಗುತ್ತದೆ.

ಹಾಗಾದರೆ ಹಿಡಿಯುವುದು ಹೇಗೆ? ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ನೋಡಬೇಕು, ಇಲ್ಲವೇ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಬೇಕು. ವಾಲ್ವ್ ಸೋಂಕನ್ನು ತೀರ್ಮಾನಿಸೋಕೆ ಡ್ಯೂಕ್ ಮಾನದಂಡ ಅಂತ 1994ರಿಂದ ಬಳಕೆಯಲ್ಲಿದೆ. 2023ರಲ್ಲಿ ಅದನ್ನು ಪರಿಷ್ಕರಿಸಿದರು. ಕಾಕ್ಸಿಯೆಲ್ಲಾ, ಮತ್ತೆ ಮುಂದೆ ಹೇಳುವ ಬಾರ್ಟೊನೆಲ್ಲಾ, ಇವುಗಳ ಪ್ರತಿಕಾಯ ಮತ್ತು ಪಿಸಿಆರ್‌ಗೆ ಅದರಲ್ಲಿ ಕಲ್ಚರಿನಷ್ಟೇ ತೂಕ ಇದೆ. ಆದರೆ ಈ ಪರೀಕ್ಷೆಗಳು ತಾವಾಗೇ ನಡೆಯುವುದಿಲ್ಲ. ಯಾರಾದರೂ ಹೆಸರು ಬರೆದು ಕಳಿಸಬೇಕು, ಬಹಳ ಸಲ ಬೆಂಗಳೂರಿಗೋ ಮಣಿಪಾಲಕ್ಕೋ ಇನ್ನೂ ದೂರಕ್ಕೋ ಹೋಗಬೇಕು. ಪರೀಕ್ಷೆಗೇ ಕಳಿಸದೆ, ನಮ್ಮ ಕಡೆ ಕ್ಯೂ ಜ್ವರ ಇಲ್ಲ ಅಂದರೆ ಆ ಮಾತಿಗೆ ಬೆಲೆ ಇಲ್ಲ.

ನೆದರ್ಲೆಂಡ್ಸಿನಲ್ಲಿ 2007ರಿಂದ 2010ರವರೆಗೆ 4,000ಕ್ಕೂ ಹೆಚ್ಚು ಜನಕ್ಕೆ ಕ್ಯೂ ಜ್ವರ ಬಂತು. ಹಾಲಿಗಾಗಿ ಮೇಕೆ ಸಾಕುವ ದೊಡ್ಡ ಫಾರಂಗಳು ಅದರ ಮೂಲ. ಕಂದು ಹಾಕಿದ ಮೇಕೆಗಳ ಮಾಸು ಒಣಗಿ ಧೂಳಾಗಿ ಗಾಳಿಯಲ್ಲಿ ಹಾರಿತು. ಕಾಯಿಲೆ ಬಿದ್ದವರಲ್ಲಿ ಬಹಳ ಜನ ಮೇಕೆ ಮುಟ್ಟಿದವರೇ ಅಲ್ಲ, ಫಾರಂ ಹತ್ತಿರದಲ್ಲಿ ಮನೆ ಇದ್ದವರು, ಅಷ್ಟೇ. ಅದಕ್ಕೇ ನಾನು ಹೇಳುವುದು, 'ಕುರಿ ಸಾಕಿದ್ದೀರಾ' ಅಂತ ಕೇಳಿ ನಿಲ್ಲಿಸಬೇಡಿ. 'ಮನೆ ಹತ್ತಿರ ಹಟ್ಟಿ ಇದೆಯಾ, ಮಂದೆ ಹಾಕಿಸಿದ್ದಿರಾ' ಅಂತಲೂ ಕೇಳಿ. ಕ್ಯೂ ಜ್ವರದ ವಾಲ್ವ್ ಸೋಂಕಿಗೆ ಡಾಕ್ಸಿಸೈಕ್ಲಿನ್ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್, ಕನಿಷ್ಠ 18 ತಿಂಗಳು. ನಾವು ಕಣ್ಣುಮುಚ್ಚಿ ಹಾಕುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ನಾಟುವುದಿಲ್ಲ.

ಬಾರ್ಟೊನೆಲ್ಲಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಜಾತಿ ಬೆಕ್ಕು ಮತ್ತು ಅದರ ಚಿಗಟದಿಂದ, ಇನ್ನೊಂದು ಬಟ್ಟೆಯಲ್ಲಿ ಸೇರುವ ಹೇನಿನಿಂದ. ಎರಡನೆಯದು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿತ್ತು. 1995ರಲ್ಲಿ ಫ್ರಾನ್ಸಿನಿಂದ, ಮನೆಯಿಲ್ಲದೆ ಬೀದಿಯಲ್ಲಿ ಬದುಕುತ್ತಿದ್ದ ಮೂವರ ವಾಲ್ವಿನಲ್ಲಿ ಅದೇ ಸಿಕ್ಕಿದ ವರದಿ ಬಂತು. ಹಿಂದೆ ಕ್ಲಮೈಡಿಯಾ ಅನ್ನುವ ಬೇರೆ ಬ್ಯಾಕ್ಟೀರಿಯಾದ್ದು ಅಂತ ಬರೆದಿದ್ದ ಹಲವು ವಾಲ್ವ್ ಸೋಂಕುಗಳು ನಿಜವಾಗಿ ಬಾರ್ಟೊನೆಲ್ಲಾವೇ ಆಗಿದ್ದವು ಅಂತ ಆಮೇಲೆ ತಿಳಿಯಿತು. ಪ್ರತಿಕಾಯದ ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದು ತೋರಿಸುವ ತೊಂದರೆ ಅದು.

ಮೀನು ಕೊಯ್ಯುವವರು, ಹಂದಿ ಸಾಕುವವರು, ಕಸಾಯಿ ಕೆಲಸದವರು ಬಂದರೆ ಎರಿಸಿಪೆಲೊಥ್ರಿಕ್ಸ್ ಅನ್ನುವ ಬ್ಯಾಕ್ಟೀರಿಯಾ ನೆನಪಿರಲಿ. ಬಾಟ್ಲಿಯಲ್ಲಿ ಬೆಳೆಯುತ್ತದೆ, ಆದರೆ ಲ್ಯಾಬಿನಲ್ಲಿ ಬೇರೆ ಯಾವುದೋ ಹೆಸರು ಬಿದ್ದುಬಿಡುತ್ತದೆ. ಟಿಎಸ್ಐ ಅನ್ನುವ ಪರೀಕ್ಷೆಯ ಟ್ಯೂಬಿನಲ್ಲಿ ಕಪ್ಪು ಬಣ್ಣ ಬಂದರೆ ಗುರುತು ಸಿಗುತ್ತದೆ, ಏಕೆಂದರೆ ಹೈಡ್ರೋಜನ್ ಸಲ್ಫೈಡ್ ತಯಾರಿಸುವ ಗ್ರಾಂ ಪಾಸಿಟಿವ್ ಕಡ್ಡಿಗಳು ತೀರ ಕಡಿಮೆ. ಇದಕ್ಕೆ ಪೆನಿಸಿಲಿನ್ ಸಾಕು. ವ್ಯಾಂಕೊಮೈಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರ ಕೆಲಸವೇ ಮಾಡುವುದಿಲ್ಲ. ಗ್ರಾಂ ಪಾಸಿಟಿವ್ ಅಂತ ಫೋನಿನಲ್ಲಿ ಕೇಳಿದ ಕೂಡಲೇ ನಾವು ಹಾಕುವುದು ಯಾವುದು? ವ್ಯಾಂಕೊಮೈಸಿನ್. ಹೆಸರು ಹುಡುಕುವುದು ಲ್ಯಾಬಿನವರ ಚಪಲ ಅಂತ ಅಂದುಕೊಂಡವರಿಗೆ ಇದು ನನ್ನ ಉತ್ತರ.

ಹೆಸರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಸಿಕ್ಕರೆ ಹೃದಯದ ಜೊತೆ ದೊಡ್ಡ ಕರುಳನ್ನೂ ಪರೀಕ್ಷಿಸಬೇಕು, ಅಲ್ಲಿ ಗಡ್ಡೆ ಇರುವ ಸಾಧ್ಯತೆ ಜಾಸ್ತಿ. 'ಸ್ಟ್ರೆಪ್ಟೊಕಾಕಸ್ ಜಾತಿ' ಅಂತಷ್ಟೇ ರಿಪೋರ್ಟ್ ಕೊಟ್ಟರೆ ಆ ಕೊಲನೊಸ್ಕೋಪಿ ಆಗುವುದೇ ಇಲ್ಲ.

ಮಷೀನುಗಳ ಬಗ್ಗೆ ಹೇಳದಿದ್ದರೆ ವಿದ್ಯಾರ್ಥಿಗಳು ಬಿಡುವುದಿಲ್ಲ. ಮಾಲ್ಡಿ ಟಾಫ್ ಅನ್ನುವ ಮಷೀನು ಬಂದ ಮೇಲೆ ನಮ್ಮ ಕೆಲಸ ಬಹಳ ಬದಲಾಗಿದೆ. ಕಾಲೊನಿಯನ್ನು ಲೋಹದ ತಟ್ಟೆಗೆ ಸವರಿ, ಒಂದು ದ್ರಾವಣ ಹಾಕಿ, ಲೇಸರ್ ಹೊಡೆಯುತ್ತಾರೆ. ಬ್ಯಾಕ್ಟೀರಿಯಾದ ಪ್ರೋಟೀನುಗಳು ಎದ್ದು, ಗಾಳಿ ತೆಗೆದ ಕೊಳವೆಯಲ್ಲಿ ಹಾರುತ್ತವೆ. ಹಗುರ ಇದ್ದದ್ದು ಮೊದಲು, ಭಾರದ್ದು ಆಮೇಲೆ ತಲುಪುತ್ತದೆ. ಆ ಸಮಯಗಳ ವಿನ್ಯಾಸವನ್ನು ಮಷೀನು ತನ್ನಲ್ಲಿರುವ ಪಟ್ಟಿಗೆ ಹೋಲಿಸಿ ಕೆಲವೇ ನಿಮಿಷದಲ್ಲಿ ಹೆಸರು ಹೇಳುತ್ತದೆ. ಲೇಸರಿನಿಂದ ಪ್ರೋಟೀನನ್ನು ಮುರಿಯದೆ ಎಬ್ಬಿಸುವ ದಾರಿ ತೋರಿಸಿದ ಜಪಾನಿನ ಕೊಯಿಚಿ ತನಾಕ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹ್ಯಾಸೆಕ್ ಗುಂಪಿಗೆ, ಗ್ರಾನ್ಯುಲಿಕಾಟೆಲ್ಲಾಗೆ ಇದು ವರ. ಆದರೆ ಎರಡು ಮಾತು ನೆನಪಿಡಿ. ಮೊದಲು ಕಾಲೊನಿ ಬೆಳೆದಿರಬೇಕು. ಮತ್ತೆ, ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಮಷೀನು ಹೇಳುವುದಿಲ್ಲ. ಕೆಲವು ಮಷೀನುಗಳ ಮಾಮೂಲಿ ಪಟ್ಟಿಯಲ್ಲಿ ಬ್ರುಸೆಲ್ಲಾ ಇರುವುದಿಲ್ಲ, ಜೈವಿಕ ಅಸ್ತ್ರದ ಭಯದಿಂದ ಅದನ್ನು ಬೇರೆ ಪಟ್ಟಿಯಲ್ಲಿ ಇಟ್ಟಿರುತ್ತಾರೆ. ಆಗ ಮಷೀನು ಅದರ ಹತ್ತಿರದ ಸಂಬಂಧಿಯಾದ ಓಕ್ರೊಬ್ಯಾಕ್ಟ್ರಂ ಅಂತ ಹೆಸರು ಕೊಡಬಹುದು. ಚೀಟಿಯಲ್ಲಿ ಕುರಿ ಇದೆ, ಮಷೀನು ಓಕ್ರೊಬ್ಯಾಕ್ಟ್ರಂ ಅನ್ನುತ್ತಿದೆ ಅಂದರೆ ಚೀಟಿಯನ್ನು ನಂಬಿ.

ಬೆಳೆಯದೇ ಇರುವುದಕ್ಕೆ ವಂಶವಾಹಿ ಪರೀಕ್ಷೆ. ಎಲ್ಲ ಬ್ಯಾಕ್ಟೀರಿಯಾದಲ್ಲೂ 16ಎಸ್ ಅನ್ನುವ ಒಂದು ಜೀನ್ ಇದೆ, ಸುಮಾರು 1,500 ಅಕ್ಷರ ಉದ್ದ. ಅದರ ಕೆಲವು ಭಾಗ ಎಲ್ಲದರಲ್ಲೂ ಒಂದೇ, ಕೆಲವು ಭಾಗ ಜಾತಿಯಿಂದ ಜಾತಿಗೆ ಬೇರೆ. ಒಂದೇ ಇರುವ ಭಾಗವನ್ನು ಹಿಡಿದು ನಕಲು ಮಾಡಿ, ಬೇರೆ ಇರುವ ಭಾಗವನ್ನು ಓದಿದರೆ ಹೆಸರು ಸಿಗುತ್ತದೆ. ಬ್ಯಾಕ್ಟೀರಿಯಾ ಸತ್ತಿದ್ದರೂ ಪರವಾಗಿಲ್ಲ. ಟ್ರೊಫೆರಿಮಾ ವಿಪ್ಲಿ ಅನ್ನುವುದು ಹೀಗೇ ಸಿಗುವಂಥದ್ದು. ಅದು ತರುವ ಕಾಯಿಲೆಯನ್ನು ಜಾರ್ಜ್ ವಿಪ್ಪಲ್ 1907ರಲ್ಲೇ ವರ್ಣಿಸಿದ್ದರು, ಲ್ಯಾಬಿನಲ್ಲಿ ಬೆಳೆಸಿದ ವರದಿ ಬಂದದ್ದು 2000ದಲ್ಲಿ. ವರ್ಷಗಟ್ಟಲೆ ಕೀಲು ನೋವು, ಜ್ವರ ಇಲ್ಲ, ಕೊನೆಗೆ ವಾಲ್ವ್ ಕೆಡುತ್ತದೆ.

ಈ ಪರೀಕ್ಷೆಗೆ ಒಳ್ಳೆಯ ಸ್ಯಾಂಪಲ್ ಅಂದರೆ ಆಪರೇಷನ್ನಿನಲ್ಲಿ ತೆಗೆದ ವಾಲ್ವ್. ಅದನ್ನು ಪೂರ್ತಿ ಫಾರ್ಮಲಿನ್‌ಗೆ, ಅಂದರೆ ತುಂಡು ಕೆಡದಂತೆ ಇಡುವ ದ್ರಾವಣಕ್ಕೆ, ಹಾಕುವ ಅಭ್ಯಾಸ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಫಾರ್ಮಲಿನ್‌ಗೆ ಬಿದ್ದರೆ ಕಲ್ಚರ್ ಮುಗಿಯಿತು, ಜೀನ್ ಓದುವುದೂ ಕಷ್ಟ. ಒಂದು ತುಂಡು ಫಾರ್ಮಲಿನ್‌ಗೆ, ಒಂದು ತುಂಡು ಸ್ಟೆರೈಲ್ ಸಲೈನಿಗೆ. ಆಪರೇಷನ್ ಥಿಯೇಟರಿನ ಸಿಸ್ಟರ್‌ಗಳು ಇದನ್ನು ಮನಸ್ಸು ಮಾಡಿದರೆ ಸಾಕು, ಯಾವ ಪ್ರೊಫೆಸರೂ ಬೇಕಿಲ್ಲ.

ಇಷ್ಟು ಹೇಳಿ ನಿಲ್ಲಿಸಿದಾಗ ಪ್ರಶ್ನೆಗಳು ಬಂದವು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, "ಮೇಡಂ, ನಮ್ಮಪ್ಪ ಮೇಕೆ ಹಾಲು ಹಸಿದೇ ಕುಡಿದು ತೊಂಬತ್ತು ವರ್ಷ ಬದುಕಿದ. ನಮಗ್ಯಾಕೆ ಹೆದರಿಸ್ತೀರಿ?" ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. "ಯಜಮಾನ್ರೇ, ಎಲ್ಲ ಮೇಕೆಗೂ ರೋಗ ಇರಲ್ಲ. ಆದರೆ ಯಾವ ಮೇಕೆಗೆ ಇದೆ ಅಂತ ನೋಡಿ ಹೇಳೋಕಾಗಲ್ಲ. ಒಂದು ಕುದಿ ಬಂದರೆ ಬ್ರುಸೆಲ್ಲಾ ಸಾಯುತ್ತೆ, ಹಾಲು ಹಾಲಾಗೇ ಇರುತ್ತೆ" ಅಂದೆ. ಕುರಿ ಈದಾಗ ಮಾಸನ್ನು ನಾಯಿಗೆ ಹಾಕಬೇಡಿ, ಆಳವಾಗಿ ಹೂಳಿ ಅಂತಲೂ ಹೇಳಿದೆ. ಅದಕ್ಕೆ ಅವರು ತಲೆಯಾಡಿಸಿದರು, ಹಾಲಿನ ವಿಷಯಕ್ಕೆ ಆಡಿಸಲಿಲ್ಲ.

ಲ್ಯಾಬ್ ವಿದ್ಯಾರ್ಥಿನಿಯೊಬ್ಬಳು, ಕೃತಕ ವಾಲ್ವ್ ಇದ್ದವರ ಬಾಟ್ಲಿಯನ್ನು ಐದು ದಿನಕ್ಕೇ ತೆಗೆದುಬಿಡಬಹುದಾ ಅಂತ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಚರ್ಮದಲ್ಲಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಕೃತಕ ವಾಲ್ವಿಗೆ ಹತ್ತುತ್ತದೆ, ಅದು ಬೆಳೆಯೋಕೆ ಒಂದು ವಾರಕ್ಕಿಂತ ಜಾಸ್ತಿ ತಗೊಳ್ಳಬಹುದು. ಹಾಗಾಗಿ ಅಂಥವರದ್ದು ಎರಡು ವಾರ ಇಡಿ, ಗಾಳಿ ಇಲ್ಲದ ಬಾಟ್ಲಿಯನ್ನು ಮರೆಯದೆ ಇಡಿ. ಆದರೆ ವಾಲ್ವ್ ಹಾಕಿಸಿಕೊಂಡವರು ಅಂತ ನಿನಗೆ ಗೊತ್ತಾಗಬೇಕಲ್ಲ? ಅದೂ ಚೀಟಿಯಲ್ಲೇ ಬರಬೇಕು. ಬರದಿದ್ದರೆ ವಾರ್ಡಿಗೆ ಫೋನ್ ಮಾಡು, ಬೈದರೆ ಬೈಯಲಿ ಅಂದೆ.

ಕೊನೆಯ ಪ್ರಶ್ನೆ ಒಬ್ಬ ಹೆಣ್ಣುಮಗಳದ್ದು. ಅವರ ಯಜಮಾನರಿಗೆ ವಾಲ್ವ್ ಹಾಕಿದ್ದಾರಂತೆ. "ಮಜ್ಜಿಗೆಯಲ್ಲೂ ಬ್ಯಾಕ್ಟೀರಿಯಾ ಇದೆ ಅಂತಾರಲ್ಲ ಅಕ್ಕ, ಕೊಡಬಹುದಾ, ನಿಲ್ಲಿಸಬೇಕಾ?" ಅಂತ ಕೇಳಿದರು. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಧಾರಾಳವಾಗಿ ಕೊಡಿ. ಮೊಸರಿನಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಥರದ್ದು ವಾಲ್ವಿಗೆ ಹೋದ ಪ್ರಸಂಗಗಳು ಇವೆ, ಆದರೆ ತೀರ ಕಡಿಮೆ. ಅದರಲ್ಲಿ ಕೆಲವರು ಪ್ರೊಬಯೋಟಿಕ್ ಕ್ಯಾಪ್ಸೂಲ್ ತಗೊಳ್ಳುತ್ತಿದ್ದವರು, ಹಲ್ಲಿನ ತೊಂದರೆಯೂ ಇದ್ದವರು. ಹಾಗಾಗಿ ಅಂಥ ಕ್ಯಾಪ್ಸೂಲನ್ನು ಹೃದಯದ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಹಲ್ಲು ಕೀಳಿಸುವ ಮೊದಲು ವಾಲ್ವ್ ವಿಷಯವನ್ನು ದಂತವೈದ್ಯರಿಗೆ ಹೇಳಿ. ಅಲರ್ಜಿ ಇಲ್ಲದಿದ್ದರೆ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಡುತ್ತಾರೆ. ಜ್ವರ ಬಂದರೆ ಮೆಡಿಕಲ್ ಶಾಪಿಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ ವಾಲ್ವಿನ ಕಾರ್ಡ್ ತೋರಿಸಿ, ಇಂಜೆಕ್ಷನ್‌ಗೆ ಮೊದಲು ರಕ್ತ ತಗೊಳ್ಳಿ ಅಂತ ನೀವೇ ಬಾಯಿಬಿಟ್ಟು ಕೇಳಿ. "ಕೇಳಿದರೆ ಡಾಕ್ಟರು ಸಿಟ್ಟಾಗಲ್ವಾ?" ಅಂದರು. ಕೆಲವರು ಆಗುತ್ತಾರೆ. ಆದರೂ ಕೇಳಿ.